ಭದ್ರಾವತಿ ಕುಲುಮೆಯ ಇದ್ದಿಲು ಮತ್ತು ಸರ್ ಎಂ.ವಿ.

ಪರಿಸರ ಕಾನೂನು ಸಡಿಲಿಸೋ ಮಾತು ಬಂದಾಗೆಲ್ಲ ನಮ್ಮಲ್ಲಿ ಒಂದು ಫೋಟೋ ಹೊರಗೆ ಬರುತ್ತೆ. ಮೈಸೂರು ಪೇಟ, ಕೋಟು, ಟೈ. ಕಾರ್ಖಾನೆಯನ್ನು ಪ್ರಶ್ನಿಸಿದರೆ ವಿಶ್ವೇಶ್ವರಯ್ಯನವರಿಗೇ ಅವಮಾನ ಅನ್ನೋ ವಾದ. ಎಂಜಿನಿಯರಿಂಗ್ ಓದುವಾಗ ನಾನು ಸೆಪ್ಟೆಂಬರ್ 15ರ ಭಾಷಣಗಳನ್ನು ಸಾಕಷ್ಟು ಕೇಳಿದ್ದೇನೆ. ಕನ್ನಂಬಾಡಿ ಬರುತ್ತಿತ್ತು, ಭದ್ರಾವತಿಯೂ ಬರುತ್ತಿತ್ತು. ಭದ್ರಾವತಿಯ ಕುಲುಮೆಗೆ ಏನು ಸುರಿಯುತ್ತಿದ್ದರು ಅನ್ನೋದು ಮಾತ್ರ ಬರುತ್ತಿರಲಿಲ್ಲ.

ಇದ್ದಿಲು. ಮಲೆನಾಡಿನ ಮರ ಸುಟ್ಟ ಇದ್ದಿಲು.

ಮುದ್ದೇನಹಳ್ಳಿಯ ಈ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜು, ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್, ಬಾಂಬೆ ಪ್ರಾಂತ್ಯದಲ್ಲಿ ನೌಕರಿ. 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ ಸ್ವಯಂಚಾಲಿತ ಗೇಟು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ. ದಿವಾನಗಿರಿ ಒಪ್ಪುವ ಮೊದಲು ನೆಂಟರನ್ನೆಲ್ಲ ಕೂರಿಸಿ, ಯಾರೂ ಶಿಫಾರಸಿಗೆ ಬರಕೂಡದು ಎಂದು ಮಾತು ತೆಗೆದುಕೊಂಡ ಕಥೆ ಎಲ್ಲರಿಗೂ ಗೊತ್ತು. ಅವರ ಪ್ರಾಮಾಣಿಕತೆ ಬಗ್ಗೆ ನನಗೆ ತಕರಾರಿಲ್ಲ. ಹಾಗಾಗಿಯೇ ಭದ್ರಾವತಿ ನನಗೆ ಮುಖ್ಯ ಅನ್ಸೋದು.

ಮೈಸೂರಿನಲ್ಲಿ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಉತ್ತರದಿಂದ ರೈಲಿನಲ್ಲಿ ತರಿಸೋದು ದುಬಾರಿ. ಅಮೆರಿಕದ ತಜ್ಞ ಸಿ.ಪಿ. ಪೆರಿನ್ ಸಲಹೆಯೊಂದಿಗೆ ಸಿಕ್ಕ ಉತ್ತರ ಇದ್ದಿಲಿನ ಕುಲುಮೆ. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಸೌದೆ, ಭದ್ರಾ ನದಿಯ ನೀರು. ಹಿಂದೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿಗೆ ಹೇಳಿ ಮಾಡಿಸಿದಂಥ ಕಾರ್ಖಾನೆ! ಸೌದೆಯನ್ನು ಸುಮ್ಮನೆ ಸುಡಲಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲಿನ ಜೊತೆ ಮರದ ಸ್ಪಿರಿಟ್ಟು, ಅಸಿಟೇಟು, ಟಾರು ಎಲ್ಲವನ್ನೂ ಹಿಂಡಿ ತೆಗೆದರು. ಇದ್ದಿಲಿನಲ್ಲಿ ಗಂಧಕ ಕಡಿಮೆ, ಕಬ್ಬಿಣ ಒಳ್ಳೆಯದು. ಎಂಜಿನಿಯರ್ ಕಣ್ಣಿಗೆ ಇದು ನಿಜಕ್ಕೂ ಚೆಂದದ ಲೆಕ್ಕ.

ಆದರೆ ಕಾಡು ಸರ್ಕಾರದ್ದು, ಕುಲುಮೆಯೂ ಸರ್ಕಾರದ್ದೇ. ಮರ ಕಡಿಯಲು ಅನುಮತಿ ಕೇಳುವವರೂ ಕೊಡುವವರೂ ಒಂದೇ ಆಡಳಿತ. ನೆಂಟರನ್ನು ಬಾಗಿಲಲ್ಲೇ ತಡೆದ ದಿವಾನರ ಸರ್ಕಾರದಲ್ಲಿ ಉದ್ಯಮ ಬಾಗಿಲು ತಟ್ಟಬೇಕಾಗಿಯೇ ಇರಲಿಲ್ಲ, ಅದು ಒಳಗಿನದ್ದೇ ಆಗಿತ್ತು. ಉದ್ಯಮದ ಪ್ರಭಾವ ಅಂದರೆ ಸೂಟ್‌ಕೇಸು ಅಂತ ನಾವು ಅಂದ್ಕೊಳ್ತೀವಿ. ಇಲ್ಲಿ ಒಂದು ರೂಪಾಯಿ ಲಂಚವಿಲ್ಲದೆ ಕಾಡು ಕಚ್ಚಾವಸ್ತುವಿನ ಪಟ್ಟಿ ಸೇರಿತು.

ಹಿಂದುಳಿದ ಜಾತಿಗಳಿಗೆ ನೌಕರಿ ಮೀಸಲಿಡುವ ವಿಚಾರದಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು ಅವರು 1918ರಲ್ಲಿ ಹುದ್ದೆ ಬಿಟ್ಟರು. ಆ ವಿಷಯದಲ್ಲಿ ನಾನು ಅವರ ಪಕ್ಷ ಅಲ್ಲ, ಅದು ಬೇರೆಯೇ ಬರಹವಾಗುತ್ತೆ. 1923ರಲ್ಲಿ ಕುಲುಮೆ ಹೊತ್ತಿದಾಗ ಕಬ್ಬಿಣದ ಬೆಲೆ ಕುಸಿದಿತ್ತು, ಕಾರ್ಖಾನೆ ನಷ್ಟದಲ್ಲಿತ್ತು. ಅದನ್ನು ಸರಿಮಾಡಲು ಅವರನ್ನೇ ಕರೆಸಿದರು. 1929ರವರೆಗೆ ಆಡಳಿತ ಮಂಡಳಿ ಅಧ್ಯಕ್ಷರಾಗಿ ಖರ್ಚು ಇಳಿಸಿದರು, ವಿದೇಶಿಯರ ಜಾಗಕ್ಕೆ ನಮ್ಮವರನ್ನು ತಂದರು. ನೂರು ವರ್ಷ ತುಂಬಿಸಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಹೊತ್ತಿಗಾಗಲೇ ಶರಾವತಿಯ ಕರೆಂಟಿನ ಕುಲುಮೆಗಳು ಬಂದಿದ್ದವು.

ಕಾಡಿನ ಲೆಕ್ಕ ಮಾತ್ರ ನಿಲ್ಲಲಿಲ್ಲ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷದ ಗುತ್ತಿಗೆಗೆ ಅರಣ್ಯಭೂಮಿ ಸಿಕ್ಕಿತು. ಅರಣ್ಯ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ! ಕಾರ್ಖಾನೆ 2015ರಲ್ಲಿ ನಿಂತಿತು. 2020ರಲ್ಲಿ ಗುತ್ತಿಗೆ ಮುಗಿದಾಗ, ಕಾಗದವೇ ತಯಾರಾಗದ ಕಂಪನಿಗೆ ಸರ್ಕಾರ ಇನ್ನೂ 40 ವರ್ಷ ಬರೆದುಕೊಟ್ಟಿತು. ಶಿವಮೊಗ್ಗದಲ್ಲಿ ಅಕೇಶಿಯಾ ವಿರೋಧಿ ಹೋರಾಟ ಕಾವೇರಿದ್ದು ಆಗ.

ಅದೇ ವರ್ಷ ಕೇಂದ್ರದ ಇಐಎ ಕರಡು ಸಾರ್ವಜನಿಕ ವಿಚಾರಣೆಗೆ ಮುನ್ನ ಜನರಿಗೆ ಕೊಡುವ 30 ದಿನವನ್ನು 20ಕ್ಕೆ ಇಳಿಸಲು ಹೊರಟಿತ್ತು. 2023ರ ಜನ ವಿಶ್ವಾಸ ಕಾಯ್ದೆ ಪರಿಸರ ಸಂರಕ್ಷಣಾ ಕಾಯ್ದೆ ಉಲ್ಲಂಘನೆಗಿದ್ದ ಜೈಲುಶಿಕ್ಷೆಯನ್ನು ದಂಡಕ್ಕೆ ಬದಲಾಯಿಸಿತು. ಇದೆಲ್ಲ ಉದ್ಯಮಸ್ನೇಹಿ ಸುಧಾರಣೆ, ಸರ್ ಎಂ.ವಿ. ದಾರಿ ಅಂತಾರೆ. ಅವರ ಕಾಲದಲ್ಲಿ ಇಂಥ ಕಾಯ್ದೆ ಇರಲಿಲ್ಲ, ಇಲ್ಲದ ಕಾಯ್ದೆಯನ್ನು ಮುರಿದರು ಅನ್ನೋಕಾಗಲ್ಲ. ಆದರೆ 1911ರಲ್ಲಿ, ಇನ್ನೂ ಮುಖ್ಯ ಎಂಜಿನಿಯರ್ ಆಗಿದ್ದಾಗಲೇ, ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಶುರುವಾಗುವುದರ ಹಿಂದೆ ಇದ್ದವರು ಅವರು. ಕೃಷಿ, ಶಿಕ್ಷಣ, ಕೈಗಾರಿಕೆ ಬಗ್ಗೆ ಅಧಿಕಾರಿಗಳು ಮತ್ತು ಊರ ಪ್ರಮುಖರನ್ನು ಒಟ್ಟಿಗೆ ಕೂರಿಸಿ ಅಂಕಿಅಂಶ ಮುಂದಿಟ್ಟು ಚರ್ಚಿಸುವ ವೇದಿಕೆ ಅದು. ಜನ ಮಾತಾಡುವ ದಿನಗಳನ್ನು ಕಡಿಮೆ ಮಾಡುವವರು ಈ ಭಾಗವನ್ನು ಯಾಕೋ ನೆನಪಿಸೋದಿಲ್ಲ.

ಇನ್ನು ಅವರ ಹೆಸರು ಹೊತ್ತ ವಿಐಎಸ್‌ಎಲ್: ಕುಲುಮೆ ಹೊತ್ತಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಅದನ್ನು ಮುಚ್ಚಲು ಸೈಲ್ ತೀರ್ಮಾನಿಸಿತು. ಸ್ವಂತ ಗಣಿ ಇಲ್ಲದೆ ಬಡವಾಗಿದ್ದ ಕಾರ್ಖಾನೆಯನ್ನು ಉಳಿಸಿ ಎಂದು ಭದ್ರಾವತಿಯ ಕಾರ್ಮಿಕರು ಧರಣಿ ಕೂತರು.