ಇಂದಿನ ಧಮ್ಮ ಚಿಂತನೆ: ಬುದ್ಧರ ಕೊನೆಯ ಕಾಯಿಲೆ ಮತ್ತು ಒಂದು ಪಾತ್ರೆ ನೀರು



ಮಹಾಪರಿನಿಬ್ಬಾಣ ಸುತ್ತ ಓದಲು ಕೂತಾಗಲೆಲ್ಲ ಒಂದೇ ವಾದ ಏಳುತ್ತದೆ. ಕಮ್ಮಾರ ಚುಂದ ಬಡಿಸಿದ ಸೂಕರಮದ್ದವ ಹಂದಿಮಾಂಸವೋ, ಅಣಬೆಯೋ? ನನಗೆ ಆ ವಾದದಲ್ಲಿ ರುಚಿಯಿಲ್ಲ. ನಾನು ಬಹಳ ವರ್ಷ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು. ಆ ಪುಟಗಳಲ್ಲಿ ನನಗೆ ಕಾಣುವುದು 80 ವರ್ಷದ, ಮೊದಲೇ ಕಾಯಿಲೆಯಿಂದ ಸೊರಗಿದ್ದ ಒಬ್ಬ ಮನುಷ್ಯನ ದೇಹ, ಅದಕ್ಕೆ ಬಂದ ರಕ್ತಭೇದಿ, ಪಕ್ಕದಲ್ಲಿ ಆರೈಕೆಗೆ ನಿಂತ ಆನಂದರು.

ಭಗವಾನರಿಗೆ ಹೊಟ್ಟೆಯ ತೊಂದರೆ ಹೊಸದಲ್ಲ. ರಾಜಗೃಹದಲ್ಲಿ ಒಮ್ಮೆ ವಾಯು ಕಾಡಿದಾಗ ಆನಂದರು ಎಳ್ಳು, ಅಕ್ಕಿ, ಹೆಸರುಕಾಳು ಹಾಕಿ ಗಂಜಿ ಮಾಡಿ ತಂದರು. ಹಿಂದೆಯೂ ಅದರಿಂದಲೇ ಗುಣವಾಗಿತ್ತು. ಆದರೆ ವಿಹಾರದೊಳಗೆ ಕೂಡಿಟ್ಟು, ಅಲ್ಲೇ ಭಿಕ್ಷುವೇ ಬೇಯಿಸಿದ್ದೆಂದು ಬುದ್ಧರು ಅದನ್ನು ಒಪ್ಪಲಿಲ್ಲ. ಗಂಜಿಯ ಮೇಲೇನೂ ಅವರಿಗೆ ಸಿಟ್ಟಿರಲಿಲ್ಲ. ಅಂಧಕವಿಂದದಲ್ಲಿ ಗಂಜಿಯ 10 ಗುಣಗಳನ್ನು ಎಣಿಸಿ ಹೇಳಿದವರು ಅವರೇ. ಹಸಿವು ಬಾಯಾರಿಕೆ ನೀಗುತ್ತದೆ, ವಾಯು ಸರಿಹೋಗುತ್ತದೆ ಎಂಬುವೂ ಅದರಲ್ಲಿವೆ. ಹೊಟ್ಟೆ ಕೆಟ್ಟಾಗ ನಮ್ಮ ಅಜ್ಜಿಯರು ಕೊಡುತ್ತಿದ್ದದ್ದೂ ಅದನ್ನೇ ತಾನೆ!

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ವಿನಯಪಿಟಕದ ಮಹಾವಗ್ಗದ ಪ್ರಸಂಗ. ಬುದ್ಧರು ಆನಂದರ ಜೊತೆ ವಸತಿಗಳನ್ನು ನೋಡುತ್ತ ಬಂದಾಗ ಭೇದಿ ಹತ್ತಿದ ಭಿಕ್ಷುವೊಬ್ಬ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ನೋಡುವವರಿಲ್ಲವೇ ಎಂದು ಕೇಳಿದರೆ, ತಾನು ಯಾರಿಗೂ ಏನೂ ಮಾಡಿದವನಲ್ಲ, ಅದಕ್ಕೇ ಯಾರೂ ಬರುತ್ತಿಲ್ಲ ಎಂದ. ಬುದ್ಧರು ಉಪದೇಶಕ್ಕೆ ಕೂರಲಿಲ್ಲ. ನೀರು ತರಿಸಿದರು. ತಾವು ನೀರು ಹುಯ್ದರು, ಆನಂದರು ಮೈ ತೊಳೆದರು. ಬುದ್ಧರು ತಲೆಯ ಕಡೆ, ಆನಂದರು ಕಾಲಿನ ಕಡೆ ಹಿಡಿದು ಮಂಚದ ಮೇಲೆ ಮಲಗಿಸಿದರು. ಸಂಘವನ್ನು ಕರೆದು ಮಾತಾಡಿದ್ದು ಆಮೇಲೆ: ಇಲ್ಲಿ ನಿಮಗೆ ತಾಯಿತಂದೆ ಇಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದು.

ಆರೈಕೆ ಮಾಡುವವರಿಗೆ ಅವರು ಹೇಳಿದ ಗುಣಗಳಲ್ಲಿ ಒಂದು, ಮಲ, ಮೂತ್ರ, ವಾಂತಿ ತೆಗೆಯಲು ಹೇಸದಿರುವುದು. ರೋಗಿಗೂ ಗುಣಗಳನ್ನು ಹೇಳಿದ್ದಾರೆ. ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹಾಗೇ ಇದೆಯೋ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ವಾರ್ಡಿನಲ್ಲಿ ನಾನು ಕಂಡಂತೆ ಇದೇ ಕಷ್ಟ. ಬಹಳ ದಿನದಿಂದ ಕಾಯಿಲೆಯಲ್ಲಿರುವವರು ಮನೆಯವರಿಗೆ ಇನ್ನಷ್ಟು ಹೊರೆಯಾಗುತ್ತೇವೆಂದು ಎಷ್ಟು ಸಲ ಹೋಯಿತೆಂಬುದನ್ನು ಮುಚ್ಚಿಡುತ್ತಾರೆ. ಎದ್ದು ಹೋಗಬೇಕಲ್ಲ ಎಂದು ನೀರನ್ನೇ ಬಿಡುತ್ತಾರೆ. ಅಪಾಯ ಬರುವುದು ಅಲ್ಲಿಂದ. ಒಂದು ನೋಟುಪುಸ್ತಕದಲ್ಲಿ ಭೇದಿ ಎಷ್ಟು ಸಲ, ಮೂತ್ರ ಎಷ್ಟು ಸಲ, ಕುಡಿದದ್ದೆಷ್ಟು ಎಂದು ಬರೆಯಿರಿ. ನಾಚಿಕೆಯವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಗೀಟು ಹಾಕುವುದು ಸುಲಭ.

ಓ.ಆರ್.ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ 1 ಲೀಟರಿಗೆ, ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆ ಕಾಯಿಲೆಯವರು ಹೆದರಿ ಬಿಡಬಾರದು, ರಕ್ತದ ಸಕ್ಕರೆ ನೋಡಿಕೊಳ್ಳುತ್ತ ಕುಡಿಯಬೇಕು; ಇನ್ಸುಲಿನನ್ನು ತಾವಾಗಿ ನಿಲ್ಲಿಸಬಾರದು. ಮೆಟ್‌ಫಾರ್ಮಿನ್, ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿ.ಪಿ. ಮಾತ್ರೆಗಳು ದೇಹ ಒಣಗಿದಾಗ ತೊಂದರೆ ಕೊಡಬಹುದು, ಅದೇ ದಿನ ವೈದ್ಯರಿಗೆ ಫೋನ್ ಮಾಡಿ ಕೇಳಿ. ಕಿಡ್ನಿ ಅಥವಾ ಹೃದಯದ ರೋಗಿಗೆ ಎಷ್ಟು ನೀರು ಎಂಬುದನ್ನೂ ಅವರೇ ಹೇಳಬೇಕು. ಎಳನೀರು ಎಲ್ಲರಿಗೂ ಅಮೃತವಲ್ಲ, ಅದರ ಪೊಟ್ಯಾಶಿಯಂ ಕಿಡ್ನಿ ಸೋತವರಿಗೆ ಹೆಚ್ಚಾಗುತ್ತದೆ. ಭೇದಿಯಲ್ಲಿ ರಕ್ತ, ಜ್ವರ ಇದ್ದರೆ ಭೇದಿ ಕಟ್ಟುವ ಮಾತ್ರೆ ನುಂಗಿಸಬೇಡಿ. ಮಂಪರು ಬಂದರೆ, ಮೂತ್ರ ನಿಂತರೆ ಆಸ್ಪತ್ರೆಗೆ ಹೊರಡಿ.

ಬುದ್ಧರ ಕಡೆಯ ಮಳೆಗಾಲ ವೈಶಾಲಿಯ ಹತ್ತಿರದ ಬೇಲುವ ಎಂಬ ಹಳ್ಳಿಯಲ್ಲಿ. ಅಲ್ಲೇ ಸಾವಿನಂಥ ನೋವು ಬಂದಿತ್ತು. ತಡೆದುಕೊಂಡು ಎದ್ದರು. ಹಗ್ಗ ಬಿಗಿದು ಓಡಿಸುವ ಹಳೆ ಗಾಡಿಗೆ ತಮ್ಮ ದೇಹವನ್ನು ಹೋಲಿಸಿದರು. ಪಾವಾದಲ್ಲಿ ಚುಂದನ ಊಟವಾದ ಮೇಲೆ ರಕ್ತಭೇದಿ ಶುರುವಾಯಿತು. ವೈದ್ಯಶಾಸ್ತ್ರ ಓದಿದ್ದ ಥಾಯ್ ಭಿಕ್ಷು ಮೆತ್ತಾನಂದೋ, ಇದು ಕೆಟ್ಟ ಆಹಾರದಿಂದಲ್ಲ, ಮುದಿವಯಸ್ಸಿನಲ್ಲಿ ಕರುಳಿನ ರಕ್ತನಾಳ ಕಟ್ಟಿಕೊಂಡದ್ದು ಎಂದು ವಾದಿಸಿದ್ದಾರೆ. ಬೇಲುವದ ಕಾಯಿಲೆಯನ್ನು ನೆನೆದರೆ ನನಗೂ ಅದು ಒಪ್ಪುತ್ತದೆ.

ಕುಸಿನಾರದ ದಾರಿಯಲ್ಲಿ ಬಳಲಿ ಮರದಡಿ ಕೂತು ನೀರು ಕೇಳಿದರು. 500 ಗಾಡಿ ಈಗಷ್ಟೇ ದಾಟಿವೆ, ನೀರು ರಾಡಿ, ಮುಂದೆ ಕಕುತ್ಥಾ ನದಿ ಇದೆ ಎಂದರು ಆನಂದರು. ಬುದ್ಧರು ಮತ್ತೆ ಕೇಳಿದರು, ಮೂರನೆಯ ಸಲವೂ ಕೇಳಿದರು. ಆನಂದರು ಪಾತ್ರೆ ಹಿಡಿದು ಹೋದಾಗ ನೀರು ತಿಳಿಯಾಗಿ ಹರಿಯುತ್ತಿತ್ತಂತೆ. ಇದನ್ನು ಪವಾಡವೆಂದು ಓದುವವರು ಓದಲಿ. ಮೂರು ಸಲ ಕೇಳುವಷ್ಟು ದಾಹ ನನಗೆ ಗೊತ್ತು. ರಾಡಿ ನೀರು ಕೊಡಲಾರದ ಆನಂದರ ಅಂಜಿಕೆಯೂ ಗೊತ್ತು.

ಕಕುತ್ಥಾದಲ್ಲಿ ಮಿಂದರು, ನೀರು ಕುಡಿದರು. ನಾಲ್ಕು ಮಡಿಕೆ ಮಾಡಿದ ಚೀವರದ ಮೇಲೆ ಬಲಮಗ್ಗುಲಾಗಿ ಮಲಗಿದರು. ಆ ಸ್ಥಿತಿಯಲ್ಲೂ ಚುಂದನ ಚಿಂತೆ. ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಅಡುಗೆ ಮಾಡಿದವಳತ್ತ ಬೆರಳು ತೋರಿಸುವುದನ್ನು ನಾವೆಲ್ಲ ನೋಡಿದ್ದೇವೆ. ನಿನ್ನ ಊಟದಿಂದಲೇ ಎಂದು ಯಾರಾದರೂ ಚುಂದನನ್ನು ನೋಯಿಸಿಯಾರು, ಹಾಗಾಗಬಾರದು. ಬೋಧಿಗೆ ಮೊದಲು ಉಂಡ ಊಟಕ್ಕೂ ಈ ಊಟಕ್ಕೂ ಪುಣ್ಯ ಸಮಸಮ ಎಂದು ಅವನಿಗೆ ತಿಳಿಸಬೇಕು ಎಂದು ಆನಂದರಿಗೆ ಒಪ್ಪಿಸಿದರು. ಆಮೇಲೆ ಎದ್ದು, ಹಿರಣ್ಯವತಿ ದಾಟಿ, ಕುಸಿನಾರದ ಸಾಲವನದ ಕಡೆ ನಡೆದರು.