ಸಂತ ಅಗಸ್ತೀನರು ಮತ್ತು ಹೆಸರಿಲ್ಲದ ಆ ಹೆಣ್ಣುಮಗಳು



ಕಲಬುರಗಿಯಲ್ಲಿ ಕೆಲಸ ಮಾಡುವ ಒಬ್ಬ ಯುವಕ. ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ನಗರಕ್ಕೆ ಬಂದು ಹೋಗುವ ಒಬ್ಬ ಯುವತಿ. ಇಬ್ಬರೂ ನಮ್ಮವರೇ. ಮದುವೆಯಾಗಬೇಕೆಂದು ಮನಸ್ಸು ಮಾಡಿದ್ದಾರೆ. ಆದರೆ ಹುಡುಗನ ತಂಗಿಯ ಮದುವೆ ಮೊದಲು ಆಗಬೇಕು, ಮಂಟಪಕ್ಕೆ, ಊಟಕ್ಕೆ ಹಣ ಕೂಡಬೇಕು. ಅದಕ್ಕೆ ಎರಡು ಮೂರು ವರ್ಷವಾದರೂ ಹಿಡಿಯುತ್ತದೆ. ಅಲ್ಲಿಯವರೆಗೆ ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಕೂಡಿ ಬಾಳಿದರೆ ತಪ್ಪೇನು ಎಂದು ಕೇಳಲು, ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದುಕೊಂಡು, ಒಂದು ಸಂಜೆ ನನ್ನ ಬಳಿ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಕಾನೂನು ತಮ್ಮನ್ನು ತಡೆಯುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ವಯಸ್ಸಿಗೆ ಬಂದ ಇಬ್ಬರು ಮದುವೆಯಿಲ್ಲದೆ ಕೂಡಿ ಬಾಳುವುದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ನಾನು ಉಪದೇಶ ಮಾಡಲು ಹೋಗಲಿಲ್ಲ. ಇದೇ ಹಾದಿಯಲ್ಲಿ ನಡೆದು, ಅದರ ಬೆಲೆಯನ್ನು ತೆತ್ತು, ಮುಂದೆ ಸಂತರಾದ ಒಬ್ಬರ ಬಾಳನ್ನು ಅವರ ಮುಂದಿಟ್ಟೆ.

ಸಂತ ಅಗಸ್ತೀನರು ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ ಹುಟ್ಟಿದರು. ಅದು ಇಂದಿನ ಅಲ್ಜೀರಿಯಾ ದೇಶದಲ್ಲಿದೆ. ತಂದೆ ಪತ್ರೀಸಿಯಸ್ ಕ್ರೈಸ್ತರಾಗಿರಲಿಲ್ಲ. ಸಾಯುವ ಮುನ್ನ ದೀಕ್ಷಾಸ್ನಾನ ಪಡೆದರು. ತಾಯಿ ಸಂತ ಮೋನಿಕಾ. ಮಗ ಬುದ್ಧಿವಂತ, ಮನೆಯಲ್ಲಿ ಹಣದ ಅಡಚಣೆ. ಹಿತೈಷಿಯೊಬ್ಬರ ನೆರವಿನಿಂದ ಓದಲು ಕಾರ್ತೇಜ್ ನಗರಕ್ಕೆ ಹೋದರು. ಅಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಒಬ್ಬ ಹೆಣ್ಣುಮಗಳೊಂದಿಗೆ ಮದುವೆಯಿಲ್ಲದೆ ಸಂಸಾರ ಹೂಡಿದರು. ಆ ಕಾಲದ ರೋಮನ್ ಸಮಾಜದಲ್ಲಿ ಇದು ಹೊಸದಲ್ಲ. ಅಂತಸ್ತಿನಲ್ಲಿ ಕೆಳಗಿನವಳನ್ನು ಹೀಗೆ ಜೊತೆಗಿಟ್ಟುಕೊಂಡು, ಮುಂದೆ ಅನುಕೂಲವಾದ ಮನೆತನದಲ್ಲಿ ಮದುವೆಯಾಗುವುದು ಯುವಕರ ರೂಢಿಯಾಗಿತ್ತು.

ಸುಮಾರು 372ರಲ್ಲಿ ಗಂಡು ಮಗು ಹುಟ್ಟಿತು. ಬಯಸಿ ಪಡೆದ ಮಗುವಲ್ಲ. ಆದರೆ ಹುಟ್ಟಿದ ಮೇಲೆ ತಂದೆಯ ಜೀವವೇ ಆಯಿತು. ಅದೆಯೋದಾತುಸ್ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ದೇವದತ್ತ. ಆ ಹೆಣ್ಣುಮಗಳು ಅಗಸ್ತೀನರಿಗೆ ನಿಷ್ಠೆಯಿಂದಿದ್ದಳು, ಅಗಸ್ತೀನರೂ ಆಕೆಗೆ ನಿಷ್ಠೆಯಿಂದಿದ್ದರು. ಅವರು ಮೇಷ್ಟ್ರಾಗಿ 383ರಲ್ಲಿ ರೋಮಿಗೆ, ಮರುವರ್ಷ ಮಿಲಾನಿಗೆ ಹೋದರು. ಆಕೆ ಮತ್ತು ಮಗು ಇಟಲಿಯಲ್ಲಿಯೂ ಅವರ ಜೊತೆಗಿದ್ದರು.

ಮಿಲಾನಿನಲ್ಲಿ ದೊಡ್ಡ ಹುದ್ದೆ ಬಂತು, ಅದರ ಹಿಂದೆಯೇ ದೊಡ್ಡ ಆಸೆಯೂ ಬಂತು. ಸ್ಥಿತಿವಂತರ ಮನೆಯ ಹುಡುಗಿಯೊಂದಿಗೆ ಸಂಬಂಧ ಗೊತ್ತಾಯಿತು. ಇದರಲ್ಲಿ ತಾಯಿ ಮೋನಿಕಾರ ಓಡಾಟವೂ ಇತ್ತು. ಸಂತರಾದರೂ ತಾಯಿ ತಾಯಿಯೇ! ಹುಡುಗಿಗೆ ಇನ್ನೂ ಮದುವೆಯ ವಯಸ್ಸಾಗಿರಲಿಲ್ಲ, ಎರಡು ವರ್ಷ ಕಾಯಬೇಕಿತ್ತು. ಮದುವೆಗೆ ಅಡ್ಡಿಯೆಂದು, ಇಷ್ಟು ವರ್ಷ ಜೊತೆಗಿದ್ದವಳನ್ನು ಆಫ್ರಿಕಕ್ಕೆ ಕಳುಹಿಸಿಬಿಟ್ಟರು. ಇನ್ನೊಬ್ಬ ಗಂಡಸಿನ ಜೊತೆ ಬಾಳುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತು, ಮಗನನ್ನು ತಂದೆಯ ಬಳಿಯೇ ಬಿಟ್ಟು, ಆಕೆ ಹೊರಟುಹೋದಳು. ಅಗಸ್ತೀನರಿಗೆ ಎದೆ ಸೀಳಿದಂತಾಯಿತು. ಆದರೂ ಎರಡು ವರ್ಷ ಕಾಯಲಾರದೆ ಮತ್ತೊಬ್ಬಳನ್ನು ಕರೆತಂದರು. ಬಿಟ್ಟುಹೋದವಳು ತನ್ನ ಮಾತಿಗೆ ನಿಂತಳು, ಕಳುಹಿಸಿದವರು ನಿಲ್ಲಲಿಲ್ಲ.

386ರಲ್ಲಿ ದೇವರ ಕೃಪೆ ಅವರನ್ನು ಹಿಡಿಯಿತು. ಗೊತ್ತಾದ ಮದುವೆಯನ್ನೂ, ಹುದ್ದೆಯನ್ನೂ ಬಿಟ್ಟರು. 387ರ ಪಾಸ್ಖದ ರಾತ್ರಿ ಸಂತ ಅಂಬ್ರೋಸರ ಕೈಯಿಂದ ತಂದೆ-ಮಗ ಜೊತೆಯಾಗಿ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಮೋನಿಕಾ ತೀರಿಕೊಂಡರು. ಆಫ್ರಿಕಕ್ಕೆ ಮರಳಿದ ಸ್ವಲ್ಪ ಕಾಲದಲ್ಲೇ ಮಗನೂ ಹರೆಯದಲ್ಲಿ ತೀರಿಹೋದ. ಅಗಸ್ತೀನರು 391ರಲ್ಲಿ ಗುರುಗಳಾಗಿ, ಕೆಲವೇ ವರ್ಷಗಳಲ್ಲಿ ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿ, 430ರ ಆಗಸ್ಟ್ 28ರಂದು ಪ್ರಭುವನ್ನು ಸೇರಿದರು.

ಸುಮಾರು 401ರಲ್ಲಿ ಅವರು ವಿವಾಹದ ಒಳಿತನ್ನು ಕುರಿತು ಒಂದು ಗ್ರಂಥ ಬರೆದರು. ಮಕ್ಕಳು, ನಿಷ್ಠೆ, ಮುರಿಯಲಾಗದ ಪವಿತ್ರ ಬಂಧ ಎಂಬ ಮೂರು ಒಳಿತುಗಳನ್ನು ಧರ್ಮಸಭೆ ಇಂದಿಗೂ ಬೋಧಿಸುವುದು ಅಲ್ಲಿಂದಲೇ. ಅದೇ ಗ್ರಂಥದಲ್ಲಿ ಇನ್ನೊಂದು ವಿಚಾರವಿದೆ. ತಕ್ಕ ಸಂಬಂಧ ಸಿಗುವವರೆಗೆ ಮಾತ್ರವೆಂದು ಒಬ್ಬಳನ್ನು ಜೊತೆಗಿಟ್ಟುಕೊಂಡವನು ಮನಸ್ಸಿನಲ್ಲಿ ವ್ಯಭಿಚಾರಿಯೇ. ಆದರೆ ಅವನಿಗೆ ನಿಷ್ಠೆಯಿಂದಿದ್ದು, ಅವನು ಬಿಟ್ಟ ಮೇಲೂ ಬೇರೆಯವರನ್ನು ಬಯಸದೆ ಉಳಿದವಳನ್ನು ಹಾಗೆ ಕರೆಯಲು ತಮಗೆ ಸುಲಭವಾಗಿ ಮನಸ್ಸು ಬಾರದು ಎಂಬುದು ಅದರ ತಿರುಳು. ಇಲ್ಲಿ ಅವರು ಯಾರ ಹೆಸರನ್ನೂ ಹೇಳಿಲ್ಲ. ಆದರೆ ತೀರ್ಪು ತಮ್ಮ ಮೇಲೆಯೇ, ಬಿಡುಗಡೆ ಆಕೆಗೆ ಎಂದು ಓದುವವರಿಗೆ ತಿಳಿಯದಿರದು. ಆಕೆಯ ಹೆಸರನ್ನು ಅವರು ಎಲ್ಲಿಯೂ ಬರೆದಿಡಲಿಲ್ಲ.

ಕಥೆ ಮುಗಿದಾಗ ಆ ಯುವತಿ ಒಂದೇ ಪ್ರಶ್ನೆ ಕೇಳಿದಳು, ನನ್ನನ್ನಲ್ಲ, ಅವನನ್ನು. ನಾಳೆ ಮನೆಯವರು ಬೇಡವೆಂದರೆ, ಸಾಮಾನು ಕಟ್ಟಿಕೊಂಡು ಕಮಲಾಪುರದ ಬಸ್ಸು ಹತ್ತುವವರು ಯಾರು ಎಂದು. ಅವನು ತಲೆ ತಗ್ಗಿಸಿದ.

ಪ್ರಿಯರೇ, ಮದುವೆಯ ಸಂಸ್ಕಾರ ಕಾಪಾಡುವುದು ಇದನ್ನೇ. ದೇವರ ಮುಂದೆ, ಸಭೆಯ ಮುಂದೆ ಕೊಟ್ಟ ಮಾತು ಇಬ್ಬರನ್ನೂ ಸಮನಾಗಿ ಕಟ್ಟುತ್ತದೆ. ಬಿಟ್ಟುಹೋಗುವ ಬಾಗಿಲನ್ನು ತೆರೆದಿಟ್ಟು ಹೂಡಿದ ಸಂಸಾರದಲ್ಲಿ, ಬಲವಿಲ್ಲದವರ ಪಾಲಿಗೇ ಆ ಬಾಗಿಲು ಬರುತ್ತದೆ.

ಆದರೆ ತಪ್ಪು ಯುವಕರದ್ದು ಮಾತ್ರವೇ? ಮದುವೆಯ ಖರ್ಚಿಗೆ ಹೆದರಿ ಹೀಗೆ ಕೂಡಿ ಬಾಳುವವರಿದ್ದಾರೆಂದು ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬವನ್ನು ಕುರಿತ ತಮ್ಮ ಪತ್ರದಲ್ಲಿ ಗುರುತಿಸಿದ್ದರು. ಅಂಥವರನ್ನು ದೂರ ತಳ್ಳದೆ ಜೊತೆಗೆ ನಡೆಯಲು ಹೇಳಿದ್ದರು. ಮದುವೆಗೆ ಧರ್ಮಸಭೆ ಕೇಳುವುದು ಇಬ್ಬರ ಮುಕ್ತ ಒಪ್ಪಿಗೆ, ಒಬ್ಬ ಗುರು, ಇಬ್ಬರು ಸಾಕ್ಷಿಗಳು. ಮಂಟಪ, ಸಾವಿರ ಜನರ ಊಟ, ಬಂಗಾರ ಕೇಳುವವರು ನಾವು. ನಮ್ಮ ಮಕ್ಕಳು ದೇವಾಲಯದ ಮೆಟ್ಟಿಲು ಹತ್ತಲಾರದಂತೆ ಮಾಡುತ್ತಿರುವವರು ನಾವೇ ಅಲ್ಲವೇ?

ಮುಂದಿನ ಭಾನುವಾರ ಹುಡುಗ ತನ್ನ ತಂದೆಯನ್ನು ಕರೆದುಕೊಂಡು ಬಂದ. ಊಟಕ್ಕೆ ಎಷ್ಟು ಜನರನ್ನು ಕರೆಯಬೇಕೆಂಬ ಮಾತು ಇನ್ನೂ ಮುಗಿದಿಲ್ಲ. ಅವರಿಗಾಗಿ ಪ್ರಾರ್ಥಿಸೋಣ. ಹೆಸರಿಲ್ಲದ ಆ ತಾಯಿಯನ್ನೂ ನೆನೆಯೋಣ.