ವಿಷ್ಣು ಮಾಧವ ಘಾಟಗೆ

ವಿಷ್ಣು ಮಾಧವ ಘಾಟಗೆ (24 ಅಕ್ಟೋಬರ್ 1908 – 6 ಡಿಸೆಂಬರ್ 1991) ಭಾರತದ ಮೊದಲ ತಲೆಮಾರಿನ ವಿಮಾನ ವಿನ್ಯಾಸಕರಲ್ಲಿ ಪ್ರಮುಖರು. ಭಾರತದಲ್ಲಿಯೇ ವಿನ್ಯಾಸಗೊಂಡು ಸರಣಿಯಾಗಿ ತಯಾರಾದ ಮೊದಲ ವಿಮಾನವೆನಿಸಿದ ಎಚ್‌ಟಿ-2 ತರಬೇತಿ ವಿಮಾನವು ಇವರ ನೇತೃತ್ವದ ತಂಡದ ಕೃತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಯಾನ ಎಂಜಿನಿಯರಿಂಗ್ ವಿಭಾಗವನ್ನು ಆರಂಭದಲ್ಲಿ ಕಟ್ಟಿ ಬೆಳೆಸಿದವರೂ ಇವರೇ.

ಜನನ ಮತ್ತು ಶಿಕ್ಷಣ

ಘಾಟಗೆಯವರು ಹುಟ್ಟಿದ್ದು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ಹಸೂರಚಂಪು ಗ್ರಾಮದಲ್ಲಿ. ನಿಪ್ಪಾಣಿ, ಚಿಕ್ಕೋಡಿ ಮತ್ತು ಹುಕ್ಕೇರಿ ಪ್ರದೇಶಗಳಿಗೆ ಸಮೀಪವಿರುವ ಈ ಗಡಿನಾಡಿನಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿವೆ. ಆಗ ಗಡಹಿಂಗ್ಲಜವು ರಾಯಬಾಗದಂತೆಯೇ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಮುಂಬಯಿಯಲ್ಲಿ ಉನ್ನತ ಶಿಕ್ಷಣ ಪಡೆದ ಅವರು ಜರ್ಮನಿಯ ಗೋಟಿಂಗೆನ್‌ಗೆ ತೆರಳಿ, ಆಧುನಿಕ ವಾಯುಚಲನ ವಿಜ್ಞಾನದ ಪ್ರವರ್ತಕರಾದ ಲುಡ್ವಿಗ್ ಪ್ರಾಂಡ್ಟ್ಲ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ 1936ರಲ್ಲಿ ಡಾಕ್ಟರೇಟ್ ಪಡೆದರು.

ಬೆಂಗಳೂರಿನಲ್ಲಿ

ಕೈಗಾರಿಕೋದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಆರಂಭದ ವರ್ಷಗಳಲ್ಲಿಯೇ ಘಾಟಗೆಯವರು ಸೈನಿಕರನ್ನು ಸಾಗಿಸುವ ಜಿ-1 ಗ್ಲೈಡರನ್ನು ವಿನ್ಯಾಸಗೊಳಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಯಾನ ವಿಭಾಗ ಪ್ರಾರಂಭವಾದಾಗ ಅದರ ಹೊಣೆ ಹೊತ್ತರು. ಯುದ್ಧಕಾಲದಲ್ಲಿ ಕಾರ್ಖಾನೆಯ ಮುಖ್ಯ ಕೆಲಸ ವಿದೇಶಿ ವಿಮಾನಗಳ ಜೋಡಣೆ ಮತ್ತು ದುರಸ್ತಿಯಾಗಿತ್ತು. ಸ್ವಂತ ವಿನ್ಯಾಸದ ವಿಮಾನವನ್ನು ಭಾರತೀಯರು ರೂಪಿಸಬಲ್ಲರೇ ಎಂಬುದು ಇನ್ನೂ ಸಾಬೀತಾಗಬೇಕಿತ್ತು.

ಎಚ್‌ಟಿ-2

ವಾಯುಪಡೆಯ ಪ್ರಾಥಮಿಕ ತರಬೇತಿಗೆ ಆಗ ಬಳಕೆಯಲ್ಲಿದ್ದುದು ಟೈಗರ್ ಮಾತ್ ಎಂಬ ಬ್ರಿಟಿಷ್ ದ್ವಿಪಂಕ್ತಿ ರೆಕ್ಕೆಯ ವಿಮಾನ. ಅದರ ಸ್ಥಾನ ತುಂಬಬಲ್ಲ ವಿಮಾನದ ವಿನ್ಯಾಸ 1948ರಲ್ಲಿ ಆರಂಭವಾಯಿತು. ಲೋಹದ ಒಡಲು, ಕೆಳಭಾಗದಲ್ಲಿ ಒಂದೇ ಜೊತೆ ರೆಕ್ಕೆ, ಒಂದರ ಹಿಂದೊಂದು ಎರಡು ಆಸನ, ಮುಂದೆ ಎರಡು ಸ್ಥಿರ ಚಕ್ರ ಹಾಗೂ ಬಾಲದಲ್ಲಿ ಒಂದು ಸಣ್ಣ ಚಕ್ರ ಇದರ ಲಕ್ಷಣಗಳು. ಮೊದಲ ಮಾದರಿಯನ್ನು ಪರೀಕ್ಷಾ ಪೈಲಟ್ ಕ್ಯಾಪ್ಟನ್ ಜಮ್ಶೆಡ್ ಮುನ್ಷಿ 1951ರ ಆಗಸ್ಟ್‌ನಲ್ಲಿ ಹಾರಿಸಿದರು. ಮುಂದೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ ಅಳವಡಿಸಿ 170ಕ್ಕೂ ಹೆಚ್ಚು ವಿಮಾನಗಳನ್ನು ತಯಾರಿಸಲಾಯಿತು. ಘಾನಾ ದೇಶದ ವಾಯುಪಡೆಯೂ ಇದನ್ನು ಬಳಸಿತು.

ಭೂಸ್ಪರ್ಶ ಮತ್ತು ಎಲಿವೇಟರ್

ಬಾಲಚಕ್ರದ ವಿಮಾನಗಳಲ್ಲಿ ಗುರುತ್ವಕೇಂದ್ರವು ಮುಖ್ಯ ಚಕ್ರಗಳ ಹಿಂದಿರುತ್ತದೆ. ಹೆಚ್ಚಿನ ವೇಗದಲ್ಲಿ ಮುಂದಿನ ಚಕ್ರಗಳು ಮೊದಲು ನೆಲಕ್ಕೆ ತಾಗಿದರೆ ಬಾಲ ಕೆಳಗಿಳಿದು ರೆಕ್ಕೆಯ ಕೋನ ಹೆಚ್ಚುತ್ತದೆ. ಎತ್ತುಬಲ ಮರಳಿ ಬಂದು ವಿಮಾನ ಪುಟಿಯುತ್ತದೆ. ಆದ್ದರಿಂದ ವಿದ್ಯಾರ್ಥಿಗೆ ಮೂರು ಚಕ್ರಗಳನ್ನೂ ಒಟ್ಟಿಗೆ ತಾಗಿಸುವ ವಿಧಾನವನ್ನು ಕಲಿಸಲಾಗುತ್ತಿತ್ತು. ನೆಲದಿಂದ ಕೆಲವೇ ಅಡಿ ಎತ್ತರದಲ್ಲಿ ಎಂಜಿನ್ ಶಕ್ತಿ ತಗ್ಗಿಸಿ, ನಿಯಂತ್ರಣ ದಂಡವನ್ನು ನಿಧಾನವಾಗಿ ಹಿಂದಕ್ಕೆಳೆಯಬೇಕು. ಆಗ ಬಾಲದ ಎಲಿವೇಟರ್ ಮೇಲೆದ್ದು ಮೂತಿಯನ್ನು ಎತ್ತಿ ಹಿಡಿಯುತ್ತದೆ. ವೇಗ ಕುಂದಿ, ಎತ್ತುಬಲ ಮುಗಿಯುವ ಹೊತ್ತಿಗೆ ವಿಮಾನ ನೆಲ ಸೇರಬೇಕು. ಇಳಿದ ಮೇಲೂ ದಂಡವನ್ನು ಹಿಂದಕ್ಕೇ ಹಿಡಿದಿದ್ದರೆ ಬಾಲಚಕ್ರ ನೆಲಕ್ಕೆ ಒತ್ತಿಕೊಂಡು ದಿಕ್ಕು ತಪ್ಪದಂತೆ ಓಡಲು ನೆರವಾಗುತ್ತದೆ.

ವಿನ್ಯಾಸಕನಿಗೆ ಇದು ಕಠಿಣ ಸಮತೋಲನದ ಪ್ರಶ್ನೆ. ನೆಲದ ಸಮೀಪದಲ್ಲಿ ರೆಕ್ಕೆಯಿಂದ ಬಾಲದ ಕಡೆಗೆ ಕೆಳಮುಖವಾಗಿ ಹರಿಯುವ ಗಾಳಿ ಕಡಿಮೆಯಾಗುವುದರಿಂದ ಮೂತಿ ತಾನಾಗಿ ಬಾಗುತ್ತದೆ. ಎಂಜಿನ್ ತಗ್ಗಿಸಿದಾಗ ಪ್ರೊಪೆಲರ್‌ನ ಗಾಳಿಯ ಬೆಂಬಲವೂ ಬಾಲಕ್ಕೆ ಸಿಗುವುದಿಲ್ಲ. ಎಲಿವೇಟರ್ ದುರ್ಬಲವಾದರೆ ಮೂತಿ ಏಳದು. ಅತಿ ಚುರುಕಾದರೆ ಹೊಸಬನ ಕೈಯಲ್ಲಿ ವಿಮಾನ ಮತ್ತೆ ಮೇಲೇರಿ, ವೇಗ ಕಳೆದುಕೊಂಡು ಎತ್ತರದಿಂದ ಕುಸಿಯಬಹುದು. ಶಿಕ್ಷಕರಿದ್ದಾಗಲೂ ವಿದ್ಯಾರ್ಥಿ ಒಂಟಿಯಾಗಿ ಹಾರುವಾಗಲೂ ತೂಕದ ಹಂಚಿಕೆ ಬೇರೆಯಾಗುವುದರಿಂದ ಎರಡೂ ಸ್ಥಿತಿಗಳಲ್ಲಿ ನಿಯಂತ್ರಣ ಸಾಕಾಗಬೇಕು.

ನಂತರದ ವಿನ್ಯಾಸಗಳು

1958ರಲ್ಲಿ ಹಾರಿದ ಪುಷ್ಪಕ್ ಎಂಬ ಎರಡಾಸನದ ಲಘು ವಿಮಾನವು ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಬಳಕೆಗೆ ಬಂದಿತು. 1959ರಲ್ಲಿ ಹಾರಿದ ಕೃಷಕ್ ಮುಂದೆ ಸೈನ್ಯದ ವೀಕ್ಷಣಾ ಕಾರ್ಯಕ್ಕೆ ಬಳಕೆಯಾಯಿತು. ಈ ಎರಡೂ ಬಾಲಚಕ್ರದ ವಿಮಾನಗಳೇ. 1964ರ ಸೆಪ್ಟೆಂಬರ್‌ನಲ್ಲಿ ಹಾರಿದ ಕಿರಣ್ ಜೆಟ್ ತರಬೇತಿ ವಿಮಾನಕ್ಕೆ ಮೂತಿಚಕ್ರವಿತ್ತು. ಅದರಲ್ಲಿ ಗುರುತ್ವಕೇಂದ್ರ ಮುಖ್ಯ ಚಕ್ರಗಳ ಮುಂದಿರುವುದರಿಂದ ಇಳಿದ ಮೇಲೆ ಬಾಲ ಕುಸಿದು ಪುಟಿಯುವ ಪ್ರವೃತ್ತಿ ಕಡಿಮೆ.

ಗೌರವ ಮತ್ತು ನಿಧನ

ಭಾರತ ಸರ್ಕಾರವು 1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. ಅವರು 1991ರ ಡಿಸೆಂಬರ್ 6ರಂದು ನಿಧನರಾದರು. ಅದಕ್ಕೂ ಮೊದಲೇ ಎಚ್‌ಟಿ-2ರ ಸ್ಥಾನಕ್ಕೆ ಮೂತಿಚಕ್ರದ ಎಚ್‌ಪಿಟಿ-32 ಬಂದಿತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ ಭಾರತೀಯ ವಾಯುಪಡೆಯ ಅನೇಕ ಪೈಲಟ್‌ಗಳು ವಿಮಾನವನ್ನು ನೆಲಕ್ಕಿಳಿಸುವ ಮೊದಲ ಪಾಠವನ್ನು ಕಲಿತದ್ದು ಎಚ್‌ಟಿ-2ರಲ್ಲಿಯೇ.